ಸಂತೆಯಲ್ಲಿ ಕಟ್ಟಿದ ಬೆಲೆ, ಕೊಟ್ಟಿಗೆಯಲ್ಲಿ ತಿಳಿದ ಬೆಲೆ



ಈ ಪುಟದಲ್ಲಿ ನೀವು ಸಾಮಾನ್ಯವಾಗಿ ಬೀಜೋಪಚಾರ, ಮೇಲುಗೊಬ್ಬರ, ಕೀಟಬಾಧೆ, ಮೇವಿನ ಬೆಳೆ ಮುಂತಾದ ವಿಷಯಗಳನ್ನು ಓದುತ್ತೀರಿ. ಈ ವಾರ ಒಬ್ಬ ಕುದುರೆ ಸವಾರರ ವಿಷಯ ಬರೆಯುತ್ತಿದ್ದೇನೆ. ಅವರು ನಮ್ಮ ನಾಡಿನವರಲ್ಲ. ನಮ್ಮಲ್ಲಿ ಕುದುರೆ ಕಟ್ಟಿ ಉಳುವ ರೂಢಿಯೂ ಇಲ್ಲ. ಆದರೂ ದನಕರು ಕಟ್ಟಿಕೊಂಡು ಬಾಳುವ ಪ್ರತಿಯೊಬ್ಬರೂ ಅವರ ಕಥೆಯನ್ನು ಒಮ್ಮೆ ತಿಳಿಯಬೇಕೆಂಬುದು ನನ್ನ ಅಭಿಪ್ರಾಯ. ಸಂತೆಯಲ್ಲಿ ಪ್ರಾಣಿಗೆ ಬೆಲೆ ಕಟ್ಟುವುದು ಹೇಗೆ, ಮನೆಗೆ ತಂದ ಮೇಲೆ ಅದನ್ನು ನಡೆಸಿಕೊಳ್ಳುವುದು ಹೇಗೆ, ದುಡಿಮೆ ಮುಗಿದ ಮೇಲೆ ಅದಕ್ಕೆ ನಾವು ತೀರಿಸಬೇಕಾದ ಋಣ ಎಷ್ಟು ಎಂಬ ಮೂರು ಪ್ರಶ್ನೆಗಳಿಗೆ ಅವರ ಬಾಳಿನಲ್ಲಿ ಉತ್ತರ ಸಿಗುತ್ತದೆ.

ಅವರ ಹೆಸರು ಹ್ಯಾರಿ ಡಿಲೇಯರ್. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ 2021ರ ಜೂನ್ ತಿಂಗಳಲ್ಲಿ, 93ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಸತ್ತಾಗ ಆ ದೇಶದ ಪತ್ರಿಕೆಗಳೆಲ್ಲ ಅವರ ಜೊತೆಗೆ ಒಂದು ಕುದುರೆಯ ಹೆಸರನ್ನೂ ಬರೆದವು. ಆ ಕುದುರೆ ಸತ್ತು ಆಗಲೇ 46 ವರ್ಷ ಕಳೆದಿತ್ತು. ಒಡೆಯನ ಹೆಸರಿನ ಜೊತೆ ಪ್ರಾಣಿಯ ಹೆಸರು ಅಷ್ಟು ಕಾಲ ಬಾಳಬೇಕಾದರೆ ಅವರಿಬ್ಬರ ನಡುವೆ ಏನೋ ಇದ್ದಿರಲೇಬೇಕು.

ಹಳ್ಳಿಮನೆಯ ಹುಡುಗ

ಹ್ಯಾರಿ ಹುಟ್ಟಿದ್ದು 1927ರಲ್ಲಿ, ಯೂರೋಪಿನ ಹಾಲೆಂಡ್ ದೇಶದ ಸಿಂಟ್ ಊಡೆನ್‌ರೋಡ ಎಂಬ ಊರಿನಲ್ಲಿ. ಕುದುರೆಗಳ ನಡುವೆಯೇ ಬೆಳೆದ ಹುಡುಗ. 1940ರ ಮೇ ತಿಂಗಳಲ್ಲಿ ಜರ್ಮನ್ ಸೈನ್ಯ ಹಾಲೆಂಡಿಗೆ ನುಗ್ಗಿದಾಗ ಅವರಿಗೆ 12 ವರ್ಷ. ಯುದ್ಧದ ವರ್ಷಗಳಲ್ಲಿ ಅವರ ಮನೆಯವರು ಜರ್ಮನರ ವಿರುದ್ಧ ಗುಟ್ಟಾಗಿ ಕೆಲಸ ಮಾಡುತ್ತಿದ್ದವರಿಗೆ ಒತ್ತಾಸೆಯಾಗಿ ನಿಂತರು. ಹಸಿವು, ಭಯ ಎರಡನ್ನೂ ಆ ಹುಡುಗ ಚಿಕ್ಕ ವಯಸ್ಸಿನಲ್ಲೇ ಕಂಡರು.

ಯುದ್ಧ ಮುಗಿದ ಮೇಲೆ, 1950ರಲ್ಲಿ, ಹೊಸದಾಗಿ ಮದುವೆಯಾದ ಹೆಂಡತಿಯ ಜೊತೆ ಅಮೆರಿಕಕ್ಕೆ ಹೊರಟರು. ಕೈಯಲ್ಲಿ ಅಲ್ಪ ಹಣ, ಇಂಗ್ಲಿಷ್ ಭಾಷೆ ಬಾರದು. ಮೊದಲು ದುಡಿದದ್ದು ನಾರ್ತ್ ಕೆರೊಲಿನಾ ರಾಜ್ಯದ ಹೊಗೆಸೊಪ್ಪಿನ ಹೊಲದಲ್ಲಿ. ಪಿರಿಯಾಪಟ್ಟಣ, ಹುಣಸೂರು ಕಡೆಯ ಓದುಗರಿಗೆ ಹೊಗೆಸೊಪ್ಪಿನ ಕೆಲಸ ಎಂಥದೆಂದು ನಾನು ಹೇಳಬೇಕಾಗಿಲ್ಲ. ಬಳಿಕ ಕುದುರೆ ನೋಡಿಕೊಳ್ಳುವ ಕೆಲಸ ಸಿಕ್ಕಿ, ಕೊನೆಗೆ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್ ಎಂಬಲ್ಲಿ ನಾಕ್ಸ್ ಶಾಲೆ ಎಂಬ ಹುಡುಗಿಯರ ವಸತಿ ಶಾಲೆಯಲ್ಲಿ ಸವಾರಿ ಕಲಿಸುವ ಮೇಷ್ಟರಾದರು. ಸಂಬಳದ ಕೆಲಸ, ವರ್ಷ ವರ್ಷಕ್ಕೆ ಬೆಳೆಯುವ ಸಂಸಾರ. ಒಟ್ಟು ಎಂಟು ಮಕ್ಕಳು. ಅಂದರೆ ಈ ಮನುಷ್ಯ ಜಮೀನ್ದಾರರಲ್ಲ, ಶೋಕಿಗೆ ಕುದುರೆ ಸಾಕಿದವರೂ ಅಲ್ಲ. ನಮ್ಮ ನಿಮ್ಮ ಹಾಗೆ ಲೆಕ್ಕ ಹಾಕಿ ಖರ್ಚು ಮಾಡಬೇಕಾದವರು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿರಿ.

ಸಂತೆ ಮುಗಿದ ಮೇಲೆ

1956ರ ಫೆಬ್ರವರಿ ತಿಂಗಳು. ಶಾಲೆಯ ಹುಡುಗಿಯರು ಸವಾರಿ ಕಲಿಯಲು ಸಾಧುವಾದ, ಕಡಿಮೆ ಬೆಲೆಯ ಕುದುರೆ ಬೇಕಾಗಿತ್ತು. ಪೆನ್ಸಿಲ್ವೇನಿಯಾ ರಾಜ್ಯದ ನ್ಯೂ ಹಾಲೆಂಡ್ ಎಂಬ ಊರಿನ ಕುದುರೆ ಹರಾಜು ಹೆಸರಾದದ್ದು. ಹ್ಯಾರಿ ಅಲ್ಲಿಗೆ ಹೊರಟರು. ಈ ಊರಿನ ಹೆಸರನ್ನು ನೀವೂ ಕೇಳಿದ್ದೀರಿ. ನಮ್ಮ ಹಳ್ಳಿಗಳಲ್ಲಿ ಓಡಾಡುವ ನೀಲಿ ಬಣ್ಣದ ಒಂದು ಟ್ರ್ಯಾಕ್ಟರಿನ ಮೇಲೆ ಅದೇ ಹೆಸರಿದೆ. ಆ ಕಂಪನಿ 1895ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಅದೇ ಸೀಮೆಯಲ್ಲಿ ಆಮಿಶ್ ಎಂಬ ಕ್ರೈಸ್ತ ಪಂಗಡದ ರೈತರೂ ಇದ್ದಾರೆ. ಅವರು ಇಂದಿಗೂ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸದೆ ಕುದುರೆ, ಹೇಸರಗತ್ತೆ ಕಟ್ಟಿಯೇ ಉಳುತ್ತಾರೆ. ಒಂದೇ ಊರಿನಲ್ಲಿ ಒಂದು ಕಡೆ ಯಂತ್ರ, ಇನ್ನೊಂದು ಕಡೆ ಕುದುರೆ ಸಂತೆ.

ಆ ಕಾಲದಲ್ಲಿ ಅಮೆರಿಕದ ಉಳುವ ಕುದುರೆಯ ಗತಿ ಏನಾಗಿತ್ತೆಂಬುದನ್ನೂ ತಿಳಿಯಬೇಕು. 1915ರ ಸುಮಾರಿಗೆ ಆ ದೇಶದಲ್ಲಿ ಕುದುರೆ, ಹೇಸರಗತ್ತೆ ಸೇರಿ ಎರಡೂವರೆ ಕೋಟಿಗೂ ಹೆಚ್ಚು ಇದ್ದವು. ಟ್ರ್ಯಾಕ್ಟರ್, ಮೋಟಾರು ಬಂದ ಮೇಲೆ 1960ರ ಹೊತ್ತಿಗೆ 30 ಲಕ್ಷದಷ್ಟಕ್ಕೆ ಇಳಿದವು. ನಡುವೆ ಇದ್ದವೆಲ್ಲ ಎಲ್ಲಿ ಹೋದವು? ಮುಪ್ಪಾಗಿ ಸತ್ತವು ಕೆಲವು. ಉಳಿದವು ನ್ಯೂ ಹಾಲೆಂಡಿನಂತಹ ಸಂತೆಗಳ ಮೂಲಕ ಕಸಾಯಿಖಾನೆಯ ಲಾರಿ ಹತ್ತಿದವು.

ದಾರಿಯಲ್ಲಿ ಹಿಮ, ಗಾಡಿಯ ತೊಂದರೆ. ಹ್ಯಾರಿ ತಲುಪುವಷ್ಟರಲ್ಲಿ ಹರಾಜು ಮುಗಿದಿತ್ತು. ಒಳ್ಳೆಯ ಕುದುರೆಗಳೆಲ್ಲ ಹೋಗಿದ್ದವು. ಯಾರೂ ಕೂಗದೆ ಉಳಿದವನ್ನು ಕಸಾಯಿಖಾನೆಯ ಲಾರಿಗೆ ತುಂಬಿ ಆಗಿತ್ತು. ಲಾರಿಯ ಪಟ್ಟಿಗಳ ಸಂದಿಯಿಂದ ಒಂದು ಬೂದುಬಿಳಿ ಬಣ್ಣದ, ಬೀಜ ಒಡೆಸಿದ ಗಂಡು ಕುದುರೆ ಅವರ ಕಡೆ ನೋಡಿತು. ಮೈತುಂಬ ಕೊಳೆ, ಅಲ್ಲಲ್ಲಿ ಗಾಯ. ನೇಗಿಲಿನ ಕೊರಳಪಟ್ಟಿ ಉಜ್ಜಿ ಹೆಗಲ ಮೇಲಿನ ಕೂದಲು ಸವೆದಿತ್ತು. ಹಲ್ಲು ನೋಡಿದರೆ ವಯಸ್ಸು ಸುಮಾರು ಎಂಟು. ಸಂತೆಯಲ್ಲಿ ನಿಂತ ಅಷ್ಟು ಜನರಲ್ಲಿ ಒಬ್ಬರಿಗೂ ಬೇಡವಾಗಿದ್ದ ಪ್ರಾಣಿ ಅದು.

ಹ್ಯಾರಿ ಅದನ್ನು ಕೆಳಗಿಳಿಸಲು ಹೇಳಿದರು. 80 ಡಾಲರಿಗೆ ಮಾತಾಯಿತು. ಯಾಕೆ ಕೊಂಡಿರಿ ಎಂದು ಜೀವಮಾನವಿಡೀ ಜನ ಕೇಳಿದರು. ಅದರ ಕಣ್ಣು ನೋಡಿ ಕೊಂಡೆ ಎಂಬುದೇ ಅವರ ಉತ್ತರದ ಸಾರ. ಅಷ್ಟು ಗದ್ದಲ, ಅಷ್ಟು ಚಳಿ, ಸಾವಿನ ಲಾರಿ. ಆದರೂ ಆ ಕುದುರೆ ಹೆದರಿರಲಿಲ್ಲ. ಮನುಷ್ಯನ ಮೇಲೆ ಸಿಟ್ಟೂ ಇರಲಿಲ್ಲ. ಮನೆಗೆ ಬಂದಿಳಿದಾಗ ಅದರ ಮೈಮೇಲೆ ಹಿಮ ಬಿದ್ದದ್ದನ್ನು ಕಂಡು ಮನೆಯ ಮಕ್ಕಳು ಸ್ನೋಮ್ಯಾನ್, ಅಂದರೆ ಹಿಮದ ಬೊಂಬೆ, ಎಂದು ಹೆಸರಿಟ್ಟರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಲಾರಿಯಲ್ಲಿ ಬೇರೆ ಕುದುರೆಗಳೂ ಇದ್ದವು. ಅವು ಹೋದವು. ಹ್ಯಾರಿ ಎಲ್ಲವನ್ನೂ ಉಳಿಸಲಿಲ್ಲ, ಉಳಿಸುವ ಶಕ್ತಿ ಅವರಿಗೆ ಇರಲೂ ಇಲ್ಲ. ತನ್ನ ಕೈಗೆ ಎಟುಕಿದ ಒಂದನ್ನು ಉಳಿಸಿದರು. ಧರ್ಮವೆಂದರೆ ಲೋಕವನ್ನೆಲ್ಲ ಹೊತ್ತುಕೊಳ್ಳುವುದಲ್ಲ. ಕಣ್ಣೆದುರು ನಿಂತದ್ದನ್ನು ನೋಡುವುದು.

ಬೇಲಿ ಹಾರಿ ಬಂದದ್ದು

ಸ್ನೋಮ್ಯಾನ್ ಶಾಲೆಯಲ್ಲಿ ಒಳ್ಳೆಯ ಕೆಲಸಕ್ಕೆ ಬಂತು. ಹೆದರುವ ಹುಡುಗಿಯರನ್ನು ಮೊದಲು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು. ಅಷ್ಟು ಸಾಧು. ಆದರೆ ಕೆಲವು ತಿಂಗಳ ಬಳಿಕ ನೆರೆಯ ವೈದ್ಯರೊಬ್ಬರು ಕೇಳಿದಾಗ ಹ್ಯಾರಿ ಅದನ್ನು ಮಾರಿಬಿಟ್ಟರು. ಸಿಕ್ಕಿದ ಬೆಲೆ ಕೊಟ್ಟದ್ದರ ಎರಡರಷ್ಟು. ಹೌದು, ಮಾರಿದರು. ಈ ಭಾಗವನ್ನು ಮುಚ್ಚಿಟ್ಟು ಅವರನ್ನು ಸಂತನನ್ನಾಗಿ ಮಾಡುವುದು ಸರಿಯಲ್ಲ. ಸಂಸಾರಸ್ಥ, ಲಾಭ ಬಂತು, ಕೊಟ್ಟರು. ನಾವಾದರೂ ಅದನ್ನೇ ಮಾಡುತ್ತಿದ್ದೆವು.

ಆಮೇಲೆ ಆದದ್ದು ಬೇರೆ. ಕುದುರೆ ವೈದ್ಯರ ಬೇಲಿ ಹಾರಿ, ಕೆಲವು ಮೈಲಿ ದಾರಿ ನಡೆದು, ಹ್ಯಾರಿಯ ಕೊಟ್ಟಿಗೆಗೇ ಬಂದು ನಿಂತಿತು. ಒಪ್ಪಿಸಿ ಬಂದರು. ಮತ್ತೆ ಬಂತು. ಬೇಲಿ ಎತ್ತರಿಸಿದರು. ಮತ್ತೆ ಬಂತು. ಓಡದಿರಲೆಂದು ಹಗ್ಗಕ್ಕೆ ಭಾರದ ಟೈರು ಕಟ್ಟಿದರೆ ಅದನ್ನೂ ಎಳೆದುಕೊಂಡು ಬಂತೆಂದು ಹೇಳುತ್ತಾರೆ. ಕೊನೆಗೆ ಹ್ಯಾರಿ ಅದನ್ನು ವಾಪಸು ಪಡೆದರು. ಇನ್ನೆಂದೂ ಮಾರುವುದಿಲ್ಲವೆಂದು ನಿರ್ಧರಿಸಿದರು.

ಮಾರಿದ ಎತ್ತು ಹಗ್ಗ ಹರಿದುಕೊಂಡು ಹಳೆಯ ಮನೆಗೆ ಬಂದು ನಿಂತದ್ದನ್ನು ನಿಮ್ಮಲ್ಲಿ ಹಲವರು ಕಂಡಿರುವಿರಿ. ಬಾಗಿಲಲ್ಲಿ ನಿಂತು ಅದು ಅಂಬಾ ಎನ್ನುವಾಗ ಮನೆಯ ಹೆಣ್ಣುಮಕ್ಕಳು ಕಣ್ಣೊರೆಸಿಕೊಳ್ಳುವುದನ್ನೂ ಕಂಡಿರುವಿರಿ. ಆಮೇಲೆ ಏನು ಮಾಡುತ್ತೇವೆ? ಕೊಂಡವನಿಗೆ ಹೇಳಿ ಕಳಿಸಿ ಮತ್ತೆ ಹಿಡಿದುಕೊಡುತ್ತೇವೆ. ಮಾತು ಮಾತೇ, ವ್ಯಾಪಾರ ವ್ಯಾಪಾರವೇ. ಹ್ಯಾರಿಯೂ ಮೊದಮೊದಲು ಹಾಗೆಯೇ ಮಾಡಿದರು. ಆದರೆ ಅವರ ದೊಡ್ಡತನ ಎಲ್ಲಿದೆ ಎಂದರೆ, ಪ್ರಾಣಿ ಮತ್ತೆ ಮತ್ತೆ ಬಂದಾಗ ಅದು ಏನು ಹೇಳುತ್ತಿದೆ ಎಂದು ಕಿವಿಗೊಟ್ಟರು. ಒಂದು, ಇದು ಈ ಮನೆಯನ್ನು ತನ್ನದೆಂದುಕೊಂಡಿದೆ. ಎರಡು, ಅಷ್ಟೆತ್ತರದ ಬೇಲಿಯನ್ನು ಹಾರಬಲ್ಲ ಕುದುರೆ ಬರಿಯ ನೇಗಿಲ ಕುದುರೆಯಲ್ಲ. ಪ್ರೀತಿಯನ್ನೂ ಕಂಡರು, ಗುಣವನ್ನೂ ಕಂಡರು. ಒಳ್ಳೆಯ ಒಕ್ಕಲಿಗನಿಗೆ ಎರಡೂ ಕಾಣಬೇಕು.

ದೊಡ್ಡ ಊರಿನ ಅಂಗಳದಲ್ಲಿ

ಅಮೆರಿಕದಲ್ಲಿ ಕುದುರೆಗಳಿಂದ ಅಡ್ಡಮರಗಳನ್ನು ಹಾರಿಸುವ ಸ್ಪರ್ಧೆಗಳು ನಡೆಯುತ್ತವೆ. ಆಗ ಅದು ಸಿರಿವಂತರ ಆಟ. ಉತ್ತಮ ತಳಿಯ, ಹಲವು ಸಾವಿರ ಡಾಲರಿನ ಕುದುರೆಗಳು ಬರುತ್ತಿದ್ದವು. ಅಂಥ ಕಡೆಗೆ ಹ್ಯಾರಿ ತಮ್ಮ ಉಳುವ ಕುದುರೆಯನ್ನು ತಯಾರು ಮಾಡತೊಡಗಿದರು. ಮೊದಲ ದಿನಗಳಲ್ಲಿ ಅದು ನೆಲದ ಮೇಲೆ ಇಟ್ಟ ಗಳುವನ್ನೇ ಎಡವುತ್ತಿತ್ತು. ನೇಗಿಲ ಸಾಲಿನಲ್ಲಿ ನಡೆದು ರೂಢಿಯಾದ ಕಾಲು. ಎತ್ತಿ ಇಡಲು ಬಾರದು. ಹೊಡೆದು ಕಲಿಸುವ ಬದಲು ಹ್ಯಾರಿ ದಿನಕ್ಕಿಷ್ಟು ಎಂದು ತಾಳ್ಮೆಯಿಂದ ಕಲಿಸಿದರು. ಅಡ್ಡಮರ ಎತ್ತರವಾದಷ್ಟೂ ಕುದುರೆ ಚೆನ್ನಾಗಿ ಹಾರುತ್ತದೆಂಬುದನ್ನು ಕಂಡುಕೊಂಡರು. ಹಗಲೆಲ್ಲ ಶಾಲೆಯ ಕೆಲಸ, ಬಿಡುವಿನಲ್ಲಿ ಈ ಅಭ್ಯಾಸ.

1958ರಲ್ಲಿ ಸ್ನೋಮ್ಯಾನ್ ಆ ದೇಶದ ದೊಡ್ಡ ದೊಡ್ಡ ಸ್ಪರ್ಧೆಗಳಿಗೆ ಇಳಿಯಿತು. ಆ ವರ್ಷದ ಕೊನೆಗೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ರಾಷ್ಟ್ರೀಯ ಪ್ರದರ್ಶನದಲ್ಲಿ ಹಾರುವ ಕುದುರೆಗಳ ವಿಭಾಗದ ಅಗ್ರಪ್ರಶಸ್ತಿ ಅದರದ್ದಾಯಿತು. ವರ್ಷದ ಶ್ರೇಷ್ಠ ಕುದುರೆ ಎಂಬ ಬಿರುದೂ ಬಂತು. 1959ರಲ್ಲಿ ಮತ್ತೆ ಅದೇ ಬಿರುದು. ಮೊದಲ ಬಿರುದು ಬಂದಾಗ ಕಸಾಯಿಖಾನೆಯ ಲಾರಿಯಿಂದ ಇಳಿದು ಮೂರು ವರ್ಷವೂ ತುಂಬಿರಲಿಲ್ಲ. ಪತ್ರಿಕೆಗಳು ಬರೆದವು, ಟೆಲಿವಿಷನ್‌ನವರು ಕರೆಸಿಕೊಂಡರು. 1992ರಲ್ಲಿ ಆ ಕ್ರೀಡೆಯ ಗೌರವ ಪಟ್ಟಿಗೂ ಅದರ ಹೆಸರು ಸೇರಿತು.

ಆದರೆ ನನ್ನ ಮನಸ್ಸಿನಲ್ಲಿ ನಿಂತ ಚಿತ್ರ ಆ ಬಹುಮಾನದ್ದಲ್ಲ. ಬೇಸಿಗೆಯಲ್ಲಿ ಹ್ಯಾರಿಯ ಮಕ್ಕಳು ಅದೇ ಕುದುರೆಯ ಬೆನ್ನ ಮೇಲೆ ಜೀನಿಲ್ಲದೆ ಸಾಲಾಗಿ ಕುಳಿತು ಸಮುದ್ರದ ನೀರಿಗೆ ಇಳಿಯುತ್ತಿದ್ದರು. ನ್ಯೂಯಾರ್ಕಿನ ಸಿರಿವಂತರು ಎದ್ದು ನಿಂತು ಚಪ್ಪಾಳೆ ಹೊಡೆದ ಕುದುರೆ ಮನೆಯಲ್ಲಿ ಮಕ್ಕಳನ್ನು ಈಜಾಡಿಸುತ್ತಿತ್ತು. ದುಡಿಮೆಯ ಪ್ರಾಣಿ, ಗೆಲ್ಲುವ ಪ್ರಾಣಿ, ಮನೆಯ ಪ್ರಾಣಿ ಎಂದು ಅಲ್ಲಿ ಬೇರೆ ಬೇರೆ ಇರಲಿಲ್ಲ.

ಗೆದ್ದ ಮೇಲೆ ಕೊಳ್ಳುವವರು ಸಾಲಾಗಿ ಬಂದರು. ಒಂದು ಲಕ್ಷ ಡಾಲರ್ ಕೊಡುತ್ತೇವೆಂದವರೂ ಇದ್ದರೆಂದು ವರದಿಯಾಗಿದೆ. 80 ಡಾಲರ್ ಹಾಕಿ ಕೊಂಡದ್ದಕ್ಕೆ ಒಂದು ಲಕ್ಷ! ಹ್ಯಾರಿ ಒಪ್ಪಲಿಲ್ಲ. ಮನೆಯವರಲ್ಲಿ ಒಬ್ಬನನ್ನು ಯಾರಾದರೂ ಮಾರುತ್ತಾರೆಯೇ ಎಂಬುದು ಅವರ ನಿಲುವು. ಸಂಬಳದ ಮನುಷ್ಯ, ಮನೆ ತುಂಬ ಮಕ್ಕಳು. ಆ ಹಣದಿಂದ ದೊಡ್ಡ ಜಮೀನನ್ನೇ ಕೊಳ್ಳಬಹುದಿತ್ತು. ಒಮ್ಮೆ ಎರಡರಷ್ಟು ಲಾಭಕ್ಕೆ ಮಾರಿದ್ದ ಅದೇ ಮನುಷ್ಯ ಈಗ ಸಾವಿರ ಪಟ್ಟು ಲಾಭಕ್ಕೆ ಬೇಡವೆಂದರು. ಆಸೆ ಕಡಿಮೆಯಾಯಿತೆಂದಲ್ಲ, ಆ ಪ್ರಾಣಿ ಏನೆಂಬುದು ಅಷ್ಟರಲ್ಲಿ ತಿಳಿದಿತ್ತು.

1962ರಲ್ಲಿ ಸ್ನೋಮ್ಯಾನ್‌ಗೆ ಸ್ಪರ್ಧೆಯಿಂದ ಬಿಡುವು ಕೊಟ್ಟರು. ಆಮೇಲೆ ಹನ್ನೆರಡು ವರ್ಷ ಅದು ಅವರ ಮನೆಯಲ್ಲೇ ಇತ್ತು. ಬಹುಮಾನ ತರಲಿಲ್ಲ, ಸಾಲು ಉಳಲಿಲ್ಲ. ತಿಂದು, ತಿರುಗಿ, ಮಕ್ಕಳ ಜೊತೆ ಆಡಿಕೊಂಡಿತ್ತು. 1974ರ ಸೆಪ್ಟೆಂಬರ್ 24ರಂದು, ಮೂತ್ರಪಿಂಡ ಕೆಟ್ಟು, 26ನೆಯ ವಯಸ್ಸಿನಲ್ಲಿ ತೀರಿತು.

ಹ್ಯಾರಿ ಅನಂತರವೂ ಬಹುಕಾಲ ಸವಾರಿ ಬಿಡಲಿಲ್ಲ. ವಯಸ್ಸಾದ ಮೇಲೂ ಕುದುರೆ ಓಡಿಸುತ್ತಿದ್ದುದರಿಂದ ಜನ ಅವರನ್ನು ನಾಗಾಲೋಟದ ಅಜ್ಜ ಎಂದು ಕರೆದರು. ಅವರಿಂದ ಸವಾರಿ ಕಲಿತವರು ಒಂದೆರಡು ತಲೆಮಾರಿನವರು. ಕಲಿತವರು ಸ್ನೇಹಿತರಾದರು. ಅವರ ಮೇಲೆ 2015ರಲ್ಲಿ ಒಂದು ಸಾಕ್ಷ್ಯಚಿತ್ರ ಬಂತು. ಅದರಲ್ಲಿ ಅವರ ಸಂಸಾರದ ನೋವಿನ ದಿನಗಳ ಮಾತೂ ಇದೆ. ಅದು ಇರಬೇಕಾದದ್ದೇ. ಕಷ್ಟ ಕಂಡ ಮನುಷ್ಯನ ಒಳ್ಳೆಯತನಕ್ಕೆ ತೂಕ ಹೆಚ್ಚು.

ನಮ್ಮ ಕೊಟ್ಟಿಗೆಯ ಮಾತು

ಇದನ್ನೆಲ್ಲ ನಿಮ್ಮ ಮುಂದೆ ಇಡಲು ಕಾರಣವಿದೆ. ಅಮೆರಿಕದ ಕುದುರೆಗೆ ಅಂದು ಬಂದ ಗತಿ ನಮ್ಮ ಎತ್ತುಗಳಿಗೆ ಈಗ ಬಂದಿದೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಗಂಡು ದನಗಳು ಸುಮಾರು 6 ಕೋಟಿ 79 ಲಕ್ಷ ಇದ್ದವು. 2019ರ ಗಣತಿಗೆ ಸುಮಾರು 4 ಕೋಟಿ 74 ಲಕ್ಷ. ಏಳು ವರ್ಷದಲ್ಲಿ ಶೇಕಡಾ 30ರಷ್ಟು ಇಳಿತ. ಹಸುಗಳ ಸಂಖ್ಯೆ ಇದೇ ಅವಧಿಯಲ್ಲಿ ಏರಿದೆ. ಹಾಲು ಕೊಡುವುದು ಉಳಿಯಿತು, ನೊಗ ಹೊರುವುದು ಹೋಯಿತು. ಟ್ರ್ಯಾಕ್ಟರ್ ಬೇಡವೆಂದು ನಾನು ಹೇಳುವುದಿಲ್ಲ. ಮಳೆ ಬಿದ್ದ ಎರಡು ದಿನದ ಹದದಲ್ಲಿ ಹೊಲ ಮುಗಿಸಬೇಕಾದವನಿಗೆ ಅದರ ಬೆಲೆ ಗೊತ್ತು. ಆದರೆ ಇನ್ನೂ ಎತ್ತು ಕಟ್ಟುವವರು ನಮ್ಮಲ್ಲಿ ಲಕ್ಷಗಟ್ಟಲೆ ಇದ್ದಾರೆ. ಹ್ಯಾರಿಯ ಬಾಳಿನಿಂದ ಅವರು ಮೂರು ವಿಷಯ ತೆಗೆದುಕೊಳ್ಳಬಹುದು.

ಮೊದಲನೆಯದು, ಕೊಳ್ಳುವ ರೀತಿ. ಘಾಟಿ ಜಾತ್ರೆಗೋ ಸಿದ್ಧಗಂಗೆಯ ಜಾತ್ರೆಗೋ ಹೋದಾಗ ನಾವು ಮೊದಲು ನೋಡುವುದು ಸುಳಿ, ಕೊಂಬು, ಬಣ್ಣ. ಸುಳಿಗೂ ದುಡಿಮೆಗೂ ಸಂಬಂಧವಿಲ್ಲ. ಒಂದು ಸುಳಿಯ ನೆಪದಿಂದ ಒಳ್ಳೆಯ ಎತ್ತು ಮೂಲೆಗೆ ಬೀಳುತ್ತದೆ. ಅಂದಕ್ಕೆ ಮರುಳಾಗಿ ಹಾಯುವ ಎತ್ತು ಮನೆಗೆ ಬರುತ್ತದೆ. ಹಲ್ಲು ನೋಡಿರಿ. ಕೆಳದವಡೆಯ ಮುಂದಿನ ಎಂಟು ಹಲ್ಲುಗಳಲ್ಲಿ ಮೊದಲ ಜೋಡಿ ಎರಡು ವರ್ಷದ ಸುಮಾರಿಗೆ ಬದಲಾಗುತ್ತದೆ, ನಾಲ್ಕರಿಂದ ಐದು ವರ್ಷಕ್ಕೆ ಬಾಯಿಗೂಡುತ್ತದೆ. ಗಟ್ಟಿ ನೆಲದ ಮೇಲೆ ನಡೆಸಿ ಕುಂಟು ಇದೆಯೇ ನೋಡಿರಿ. ಗೊರಸು ಎತ್ತಿಸಿ ನೋಡಿರಿ. ಹೆಗಲ ಮೇಲೆ ಹಳೆಯ ಹುಣ್ಣಿನ ಗಂಟು ಇದೆಯೇ ಕೈಯಾಡಿಸಿರಿ. ಸಾಧ್ಯವಾದರೆ ನೊಗ ಹೂಡಿಸಿ ಇಪ್ಪತ್ತು ಹೆಜ್ಜೆ ನಡೆಸಿರಿ. ಎಲ್ಲಕ್ಕಿಂತ ಮೇಲಾಗಿ, ಪಕ್ಕದಿಂದ ಮೆಲ್ಲಗೆ ಹೋಗಿ ಕೈ ಇಟ್ಟಾಗ ಅದರ ಕಣ್ಣು, ಕಿವಿ ಹೇಗಿವೆ ನೋಡಿರಿ. ಬಡಕಲಾದ ಸಾಧು ಎತ್ತಿಗೆ ಮೇವು ಹಾಕಿ ಮೈ ತುಂಬಿಸಬಹುದು. ಹೆದರಿ ಕೆಟ್ಟ ಸ್ವಭಾವಕ್ಕೆ ಯಾವ ಹಿಂಡಿಯೂ ಮದ್ದಲ್ಲ.

ಎರಡನೆಯದು, ಪಳಗಿಸುವ ಮತ್ತು ದುಡಿಸುವ ರೀತಿ. ಹೋರಿಗರುವನ್ನು ಎರಡೂವರೆ ಮೂರು ವರ್ಷಕ್ಕೆ ನೊಗಕ್ಕೆ ರೂಢಿ ಮಾಡುವಾಗ ಅನುಭವವಿರುವ ಹಳೆಯ ಎತ್ತನ್ನು ಜೊತೆಗೆ ಕಟ್ಟಿರಿ. ಮೊದಲು ಬರಿಯ ನೊಗ, ಆಮೇಲೆ ಹಗುರವಾದ ಹೊರೆ, ಆಮೇಲೆ ನೇಗಿಲು. ದಿನವೂ ಒಬ್ಬನೇ, ಒಂದೇ ದನಿಯಲ್ಲಿ ಮಾತಾಡಿಸಬೇಕು. ಮೊಳೆ ಚುಚ್ಚಿದ ಕೋಲು ಬೇಡವೇ ಬೇಡ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳ ಬಗ್ಗೆ 1965ರಲ್ಲಿ ಆದ ಕೇಂದ್ರದ ನಿಯಮಗಳು ಅಂಥ ಕೋಲನ್ನು ನಿಷೇಧಿಸಿವೆ. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು. ಬಿಸಿಲು 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕಟ್ಟಬಾರದು. ಕಾನೂನಿಗೆ ಹೆದರಿ ಅಲ್ಲ, ಎತ್ತು ಹೆಚ್ಚು ವರ್ಷ ಬಾಳಲೆಂದಾದರೂ ಇದನ್ನು ಪಾಲಿಸಬೇಕು. ನೊಗ ಉಜ್ಜಿ ಹೆಗಲು ಹುಣ್ಣಾದರೆ ಅದು ಪೂರ್ತಿ ಮಾಯುವ ತನಕ ಹೂಡಬೇಡಿ. ನೊಗದ ಒರಟನ್ನು ಹತ್ತರಿ ಹಿಡಿದು ನಯ ಮಾಡಿಸಿರಿ. ಸ್ನೋಮ್ಯಾನ್‌ನ ಹೆಗಲ ಮೇಲೆ ಸವೆದಿದ್ದ ಕೂದಲನ್ನು ನೆನಪಿಡಿ. ಆ ಗುರುತು ಬರೆದವನು ಹಿಂದಿನ ಒಡೆಯ. ಅದನ್ನು ಓದಿದವರು ಹ್ಯಾರಿ.

ಮೂರನೆಯದು, ಮುಪ್ಪಿನ ಮಾತು. ಇದು ಕಷ್ಟದ್ದು. ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಬಳಿದು ಮೆರೆಸುತ್ತೇವೆ, ಸಂಕ್ರಾಂತಿಗೆ ಕಿಚ್ಚು ಹಾಯಿಸುತ್ತೇವೆ, ಹೋಳಿಗೆ ತಿನ್ನಿಸುತ್ತೇವೆ. ಅದೇ ಎತ್ತು ಎದ್ದು ನಿಲ್ಲಲಾರದಾದಾಗ ನಮ್ಮ ಲೆಕ್ಕ ಬದಲಾಗುತ್ತದೆ. ಎರಡು ಎಕರೆ ಖುಷ್ಕಿಯವನು, ಬರಗಾಲದ ವರ್ಷದಲ್ಲಿ, ಮಕ್ಕಳ ಫೀಜು ಕಟ್ಟಲಾರದವನು, ದುಡಿಯದ ಎತ್ತನ್ನು ಹೇಗೆ ಸಾಕಿಯಾನು ಎಂದು ನೀವು ಕೇಳುವಿರಿ. ಕೇಳಬೇಕಾದ ಪ್ರಶ್ನೆ. ನಗರದಲ್ಲಿ ಕುಳಿತು ನಿಮಗೆ ನೀತಿ ಹೇಳುವವರ ಜೊತೆ ನಾನು ಸೇರಲಾರೆ. ಹ್ಯಾರಿಯ ಮನೆಯಲ್ಲಿ ಕುದುರೆ ತಂದ ಬಹುಮಾನದ ಹಣವೂ ಇತ್ತು, ನಮ್ಮ ಎತ್ತಿಗೆ ಯಾರೂ ಬಹುಮಾನ ಕೊಡುವುದಿಲ್ಲ ಎಂಬುದೂ ನಿಜ.

ಆದರೆ ಲೆಕ್ಕ ಹಾಕುವುದಾದರೆ ಪೂರ್ತಿ ಹಾಕೋಣ. ಒಂದು ಎತ್ತು ದಿನಕ್ಕೆ ಸುಮಾರು 10 ಕಿಲೋ ಹಸಿ ಸಗಣಿ ಹಾಕುತ್ತದೆ. ವರ್ಷಕ್ಕೆ ಮೂರೂವರೆ ಟನ್ನಿನಷ್ಟು. ಗಂಜಲ ಬೇರೆ. ಅದನ್ನು ಸರಿಯಾಗಿ ಗುಂಡಿಗೆ ಹಾಕಿ, ಮೇಲೆ ನೆರಳು ಮಾಡಿ, ಕೊಳೆಸಿದರೆ ಹೊಲಕ್ಕೆ ಬರುವ ಗೊಬ್ಬರವನ್ನು ಯಾರೂ ಬಿಟ್ಟಿ ಕೊಡುವುದಿಲ್ಲ. ಬಿಸಿಲಲ್ಲಿ ತಿಪ್ಪೆ ಹಾಕಿ ಸಾರ ಕಳೆದುಕೊಳ್ಳುವವನಿಗೆ ಮಾತ್ರ ಮುದಿ ಎತ್ತು ಬರಿಯ ಖರ್ಚು. ಮೇವಿನ ಖರ್ಚನ್ನೂ ಇಳಿಸಬಹುದು. 100 ಕಿಲೋ ಒಣ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 50ರಿಂದ 60 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಟ್ಟರೆ ಹುಲ್ಲಿನ ಸತ್ವ ಹೆಚ್ಚುತ್ತದೆ. ತೆಗೆದ ಹುಲ್ಲನ್ನು ಸ್ವಲ್ಪ ಹೊತ್ತು ಗಾಳಿಗೆ ಹರಡಿ, ವಾಸನೆ ಹೋದ ಮೇಲೆ ಹಾಕಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಕೊಡಬಾರದು. ಬದುಗಳ ಮೇಲೆ ಅಗಸೆ, ಸುಬಾಬುಲ್ ಹಾಕಿದರೆ ಬೇಸಿಗೆಯಲ್ಲೂ ಹಸಿರು ಸಿಗುತ್ತದೆ. ಉಳಲಾರದ ಎತ್ತು ಕೆಲವು ಕಾಲ ಹಗುರವಾದ ಎಡೆಕುಂಟೆ ಎಳೆದೀತು, ಹೊಸ ಹೋರಿಗೆ ಜೊತೆಯಾಗಿ ದಾರಿ ತೋರಿಸೀತು. ಪಳಗಿದ ಎತ್ತು ಕಲಿಸುವ ಪಾಠವನ್ನು ಯಾವ ಕೋಲೂ ಕಲಿಸಲಾರದು.

ಇಷ್ಟಾಗಿಯೂ ಸಾಕಲಾರದ ಮನೆಗಳಿವೆ. ಅಂಥವರಿಗೆ ನನ್ನದು ಒಂದೇ ಕೋರಿಕೆ. ಯಾರಿಗೆ ಕೊಡುತ್ತೇವೆಂದು ತಿಳಿದು ಕೊಡಿರಿ. ಹೆಸರು ಗೊತ್ತಿಲ್ಲದವನ ಕೈಗೆ, ಕತ್ತಲಲ್ಲಿ, ಲಾರಿಗೆ ಹಗ್ಗ ಒಪ್ಪಿಸಬೇಡಿ. ಪರಿಚಯದವರಲ್ಲಿ, ನಂಟರಲ್ಲಿ, ಹಗುರ ಕೆಲಸಕ್ಕೆ ಬೇಕಾದವರು ಇರುತ್ತಾರೆ. ಹತ್ತು ಮನೆ ಸೇರಿದರೆ ಊರಿನಲ್ಲೇ ಒಂದು ಮೇವಿನ ಬಣವೆ ಸಾಮಾನ್ಯಕ್ಕೆ ಇಡಬಹುದು. ಗ್ರಾಮದ ಹಿರಿಯರೂ ಯುವಕ ಸಂಘದವರೂ ಇದನ್ನು ಮಾತಾಡಬೇಕು.

ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದೆನ್ನುತ್ತೇವೆ. ದುಡ್ಡು ಕೊಟ್ಟು ತಂದದ್ದರ ಹಲ್ಲು ನೋಡಿರಿ, ತಪ್ಪಿಲ್ಲ. ಆದರೆ ಹಲ್ಲು ಎಣಿಸಿದ ಕೈ ಒಂದು ಸಲ ಬೆನ್ನೂ ನೇವರಿಸಲಿ. ಹ್ಯಾರಿ ಡಿಲೇಯರ್ ಅವರನ್ನು ಜನ ನೆನೆಯುವುದು ಗೆದ್ದ ಬಹುಮಾನಗಳಿಗಾಗಿ ಮಾತ್ರ ಅಲ್ಲ. ಬಹುಮಾನ ಗೆದ್ದ ಸವಾರರು ಆ ದೇಶದಲ್ಲಿ ಬೇಕಾದಷ್ಟು ಇದ್ದರು. ಎಲ್ಲರೂ ಬೇಡವೆಂದದ್ದನ್ನು ಒಮ್ಮೆ ನಿಂತು ನೋಡಿದರು, ಅದು ಮರಳಿ ಬಂದಾಗ ಬಾಗಿಲು ತೆರೆದರು, ದುಡಿಮೆ ಮುಗಿದ ಮೇಲೂ ಹನ್ನೆರಡು ವರ್ಷ ಮೇವು ಹಾಕಿದರು. ಇದಕ್ಕೆ ಕುದುರೆ ಬೇಕಿಲ್ಲ, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನೂ ಬೇಕಿಲ್ಲ. ನಿಮ್ಮ ಕೊಟ್ಟಿಗೆಯಲ್ಲಿ ಇಂದು ಸಂಜೆ ಗೋದಲಿಯ ಮುಂದೆ ನಿಂತಿರುವ ಹಳೆಯ ಎತ್ತು ಸಾಕು. ಅದು ಎಷ್ಟು ಮಳೆಗಾಲ ನಿಮ್ಮ ಜೊತೆ ಹೊಲಕ್ಕೆ ಬಂದಿದೆ ಎಂದು ಒಮ್ಮೆ ಎಣಿಸಿ ನೋಡಿರಿ. ಆಮೇಲೆ ಬೆಲೆಯ ಮಾತಾಡೋಣ.